ಟ್ಯಾರೋ ಕಾರ್ಡಿನಿಂದ ಕಂಬದವರೆಗೆ

ಒಂದೇ ಚಿತ್ರ ಎಲ್ಲರ ಕಣ್ಣಿಗೂ ಒಂದೇ ತೆರನಾಗಿ ಕಾಣುವುದಿಲ್ಲ; ನೋಡುವವನ ಅಂತರಂಗವೇ ಅದರಲ್ಲಿ ಮೂಡುತ್ತದೆ. ಇದು ಗಹನವಾದ ಸತ್ಯ. ಮಗಳ ಸಂಬಂಧ ಕುದುರುವ ದಿನ ಇದನ್ನು ಪ್ರತಿಪಾದಿಸಬಾರದು, ಅಷ್ಟೇ.

ಆಳಂದದಲ್ಲಿ ಹೆಡ್‌ಮಾಸ್ತರನಾಗಿ ನಿವೃತ್ತನಾದ ಮೇಲೆ ನನ್ನ ಮಾತು ಕೇಳುವವರು ಯಾರೂ ಉಳಿಯಲಿಲ್ಲ. ಆ ಬೇಸರದಲ್ಲಿ ಮೊಬೈಲ್ ನೋಡುತ್ತಾ, ಚಿತ್ರದ ಕಾರ್ಡು ಎತ್ತಿ ಭವಿಷ್ಯ ಓದುವ ಟ್ಯಾರೋ ಎಂಬ ವಿದ್ಯೆಗೆ ಬಿದ್ದೆ. ಒಂದು ಕಟ್ಟು ತರಿಸಿಯೂ ಬಿಟ್ಟೆ. ಬೆಳಿಗ್ಗೆ ಒಂದು ಕಾರ್ಡು ಎತ್ತುವುದು, ಅದರ ಒಳ ಅರ್ಥವನ್ನು ಹೆಂಡತಿ ಮಹಾದೇವಿಗೆ ವಿವರಿಸುವುದು. ಆಕೆ ರೊಟ್ಟಿ ಬಡಿಯುತ್ತಿದ್ದಳು. ಅರ್ಥ ಹೆಚ್ಚಾದಷ್ಟೂ ಜೋರಾಗಿ ಬಡಿಯುತ್ತಿದ್ದಳು.

ಮಗಳು ಸುಜಾತಾ ಜೇವರ್ಗಿಯಲ್ಲಿ ಟೀಚರ್. ಅದೇ ಶಾಲೆಯ ಮಾಸ್ತರ ಬಸವರಾಜನನ್ನು ಮೆಚ್ಚಿಕೊಂಡಿದ್ದಳು, ಅವನಿಗೂ ಒಪ್ಪಿಗೆ. ಅಫಜಲಪುರದಿಂದ ಅವನ ತಾಯಿ ಗಂಗಾಬಾಯಿ ಬಂದು ಹೂಂ ಅಂದರೆ ಮುಗಿಯಿತು. ಬಂದರು. ಮಂಡಕ್ಕಿಯ ಸುಸ್ಲಾ ತಿಂದರು. ಚಹಾದ ಕಪ್ಪು ಇಡಲು ಹೋದಾಗ ಟೀಪಾಯಿಯ ಮೇಲಿದ್ದ ಕಾರ್ಡುಗಳು ಕಣ್ಣಿಗೆ ಬಿದ್ದವು.

“ಮಾಸ್ತರ್, ಇಸ್ಪೀಟ್ ಆಡ್ತೀರೇನ್ರಿ?”

ಜೂಜುಕೋರನ ಮಗಳನ್ನು ಯಾರು ತಂದುಕೊಂಡಾರು? ಮಾನ ಉಳಿಸಿಕೊಳ್ಳುವುದು ಕರ್ತವ್ಯವಾಯಿತು. ಅಂದಿನ ಕಾರ್ಡನ್ನು ಎತ್ತಿ ಹಿಡಿದೆ. ಒಂದು ಕಾಲು ಮರಕ್ಕೆ ಕಟ್ಟಿಸಿಕೊಂಡು ತಲೆಕೆಳಗಾಗಿ ತೂಗುತ್ತಿರುವ ಮನುಷ್ಯ; ಮುಖದಲ್ಲಿ ಮಾತ್ರ ಪರಮ ಶಾಂತಿ.

“ಇದು ಶರಣಾಗತಿರಿ ಬಾಯಾರ. ಎಲ್ಲಾ ಕೈಬಿಟ್ಟು ಜೋತುಬಿದ್ರ ಜಗತ್ತು ಬ್ಯಾರೇನೇ ಕಾಣ್ತದ.”

“ನಿಮಗ ಕಾಣ್ತದೇನ್ರಿ?”

ಅಡುಗೆಮನೆಯ ಬಾಗಿಲಲ್ಲಿ ಮಹಾದೇವಿ ಜೋರಾಗಿ ತಲೆ ಅಲ್ಲಾಡಿಸುತ್ತಿದ್ದಳು. ಮೆಚ್ಚುಗೆ ಎಂದುಕೊಂಡೆ.

“ದಿನಾ ಕಾಣ್ತದ್ರಿ! ಇವಾ ಬ್ಯಾರೆ ಅಲ್ಲ, ನಾ ಬ್ಯಾರೆ ಅಲ್ಲ.”

ಗಂಗಾಬಾಯಿ ಎರಡು ಹೆಜ್ಜೆ ಹಿಂದೆ ಸರಿದರು. “ಇಂಥವ್ರನ್ನ ಕಣ್ಣಾರೆ ಕಂಡೀನ್ರಿ. ಗಾಣಗಾಪುರದ ದತ್ತನ ಗುಡ್ಯಾಗ ಮಧ್ಯಾಹ್ನದ ಆರತಿಗೆ ಕಂಬ ಏರಿ ಹಿಂಗೇ ಜೋತುಬೀಳ್ತಾರ.”

“ಯಾರು?”

“ಮೈಯಾಗ ಗಾಳಿ ಹೊಕ್ಕವ್ರು.”

ಲಿಂಗ ಕಟ್ಟಿಕೊಂಡವರು ನಾವು, ಗಾಳಿ-ಗೀಳಿ ನಂಬುವವರಲ್ಲ ಎಂದು ವಾದಿಸಿದೆ. ಅವರು ಹೇಳಿದ್ದು ಒಂದೇ: “ನೀವು ನಂಬಬ್ಯಾಡ್ರಿ. ಅದು ನಿಮ್ಮನ್ನ ನಂಬ್ಯದಲ್ಲ, ಸಾಕು. ಮೊದಲು ಅದನ್ನ ಬಿಡಿಸ್ಕೊಂಡು ಬರ್ರಿ, ಆಮ್ಯಾಲ ಲಗ್ನದ ಮಾತು.”

ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೀಗಾಗಿ ಹುಣ್ಣಿಮೆಯ ದಿನ ಗಾಣಗಾಪುರದಲ್ಲಿ ಎರಡೂ ಮನೆಯವರು ಹಾಜರಾದೆವು. ನಗಾರಿ, ಗಂಟೆ. ಸುತ್ತಲೂ ಜನ ಕೂದಲು ಕೆದರಿಕೊಂಡು ಕೂಗುತ್ತಿದ್ದರು. ನಾನು ಕೈಮುಗಿದು ನೆಟ್ಟಗೆ ನಿಂತಿದ್ದೆ. ನನಗೇನೂ ಆಗಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

“ಹೆಂಗ ಸುಮ್ಮನ ನಿಂತದ ನೋಡ್ರಿ! ಭಾಳ ಹಟಮಾರಿ ಅದ,” ಎಂದರು ಗಂಗಾಬಾಯಿ.

ಮಹಾದೇವಿ ಕಿವಿಯಲ್ಲಿ ಅಂದಳು: “ಒಂದೀಟು ಒದರ್ರಿ.”

“ಯಾಕ ಒದರ್ಲಿ? ನನ್ನ ಮೈಯಾಗ ಏನೂ ಇಲ್ಲ.”

“ಇಲ್ಲದ್ದನ್ನ ಬಿಡಸೋದು ಹೆಂಗ? ಬಿಡ್ಲಿಲ್ಲಂದ್ರ ಲಗ್ನ ಇಲ್ಲ. ಶರಣಾಗತಿ, ಶರಣಾಗತಿ ಅಂತ ನನ್ನ ತಲಿ ತಿಂದ್ರಲ್ಲ, ಈಗ ಆಗ್ರಿ!”

ಸುಜಾತಾ ನನ್ನನ್ನು ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದಳು.

ಕಂಬವನ್ನು ತಬ್ಬಿಕೊಂಡೆ. ಒಂದು ಕಾಲನ್ನೂ ಎತ್ತಿದೆ. ಮೊದಲನೆಯ ಕೂಗು ನಟನೆ. ಎರಡನೆಯದು ಮೊಣಕಾಲಿನದು.

“ಯಾರು ನೀನು? ಹೇಳು!” ಗಂಗಾಬಾಯಿ ಗದರಿದರು.

ಬಾಯಿಗೆ ಬಂದದ್ದನ್ನು ಹೇಳಿದೆ: “ನಿವೃತ್ತ ಹೆಡ್‌ಮಾಸ್ತರ!”

“ಪಾಪ, ಯಾರೋ ಸತ್ತ ಹೆಡ್‌ಮಾಸ್ತರ ಬಂದು ಸೇರ್ಯಾನ,” ಎಂದು ಗುಂಪಿನಲ್ಲಿ ಯಾರೋ ಮರುಗಿದರು. “ಅದಕ್ಕೇ ಇಷ್ಟು ಮಾತಾಡ್ತದ.”

ನಿವೃತ್ತಿಯ ನಂತರ ನನ್ನ ಸ್ಥಿತಿಯನ್ನು ಇಷ್ಟು ಸರಿಯಾಗಿ ಯಾರೂ ಅರ್ಥೈಸಿರಲಿಲ್ಲ. ಕೈ ಸಡಿಲವಾಯಿತು.

“ಹೋಗ್ತೀಯೋ ಇಲ್ಲೋ?”

“ಹೋಗ್ತೇನ್ರಿ,” ಎಂದೆ. ಕುಸಿದು ಕುಳಿತೆ. ಮೇಲೇಳಲು ಬಸವರಾಜನೇ ಕೈ ಕೊಟ್ಟ.

ಮುಂದಿನ ವಾರ ಅಫಜಲಪುರದಲ್ಲಿ ನಿಶ್ಚಯವಾಯಿತು. ಊಟಕ್ಕೆ ನನ್ನನ್ನು ಸಾಲಿನ ತುದಿಯಲ್ಲಿ ಕೂರಿಸಿದರು. ನನ್ನ ಪಕ್ಕದ ಎಲೆಗೆ ಯಾರೂ ಬರಲಿಲ್ಲ.