ಮೊದಲೂರಿನ ಚಮಚ ಪ್ರಕರಣ

ಬಹಳ ಹಿಂದೆ, ಅಂದರೆ ಚುನಾವಣೆಗಳು ಒಮ್ಮೆ ಶುರುವಾದರೆ ಮುಗಿಯುತ್ತಿದ್ದ ಕಾಲದಲ್ಲಿ, ಗದ್ದಲಗಿರಿ ಎಂಬ ರಾಜ್ಯವೊಂದಿತ್ತು. ಅಲ್ಲಿ ರಾಜನ ಮಗ ರಾಜನಾಗುತ್ತಿರಲಿಲ್ಲ, ಪ್ರಜೆಗಳೇ ಆರಿಸುತ್ತಿದ್ದರು. ಅದಕ್ಕೂ ಮೊದಲು ಆಳುವ ಬೆಳ್ಗೊಡೆ ಪಕ್ಷವು ತನ್ನ ಹುರಿಯಾಳು ಯಾರೆಂದು ತನ್ನೊಳಗೇ ಕಾದಾಡಿ ತೀರ್ಮಾನಿಸಬೇಕಿತ್ತು. ವಿರೋಧ ಪಕ್ಷ ಬಹುಕಾಲದಿಂದ ಆತ್ಮಾವಲೋಕನದಲ್ಲಿ ಮುಳುಗಿದ್ದರಿಂದ, ಈ ಒಳಜಗಳ ಗೆದ್ದವನಿಗೇ ಸಿಂಹಾಸನ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮೊದಲ ಮತದಾನ ನಡೆಯುತ್ತಿದ್ದುದು ಹೊಳೆದಂಡೆಯ ಮೊದಲೂರಿನಲ್ಲಿ. ಅಲ್ಲೇ ಏಕೆ ಎಂದು ಕೇಳುವಂತಿರಲಿಲ್ಲ, ಅದು ಸಂಪ್ರದಾಯ. ಅಲ್ಲಿ ಗೆದ್ದವನ ಕಡೆಗೆ ಅಲೆಯಿದೆಯೆಂದು ಉಳಿದ ಪ್ರಾಂತ್ಯಗಳೆಲ್ಲ ಅವನ ಹಿಂದೆಯೇ ಓಡುತ್ತಿದ್ದವು. ಹೀಗಾಗಿ ಬೇರೆ ಕಾಲದಲ್ಲಿ ಯಾರೂ ತಿರುಗಿ ನೋಡದ ಆ ಹಳ್ಳಿಗೆ ಆ ಋತುವಿನಲ್ಲಿ ಮಾತ್ರ ಮಹಾಮಹಿಮರು ಬಂದು ಎಮ್ಮೆಯ ಹಾಲು ಕರೆಯುತ್ತಿದ್ದರು, ಕಂಡವರ ಕೂಸುಗಳನ್ನು ಎತ್ತಿಕೊಳ್ಳುತ್ತಿದ್ದರು, ಬಾಳವ್ವನ ಖಾನಾವಳಿಯಲ್ಲಿ ನೆಲದ ಮೇಲೆ ಕೂತು ಉಣ್ಣುತ್ತಿದ್ದರು. ಎಮ್ಮೆಗಳಿಗೂ ರೂಢಿಯಾಗಿತ್ತು, ಕಿರೀಟದ ಆಸೆಯವರು ಹತ್ತಿರ ಬಂದರೆ ಒದೆಯುತ್ತಿರಲಿಲ್ಲ.

ಬಾಳವ್ವ ವಿಧವೆ, ಗಟ್ಟಿ ಹೆಂಗಸು. ಒಬ್ಬಳೇ ಮಗಳು ಶಾವಂತ್ರಿಯನ್ನು ಹೊಳೆಯಾಚೆಗೆ ಕೊಟ್ಟಿದ್ದಳು. ಮಳೆಗಾಲದಲ್ಲಿ ಹೊಳೆ ತುಂಬಿದರೆ ನಾವೆ ಬಿಡುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ಚೊಚ್ಚಲ ಮೊಮ್ಮಗು ಹುಟ್ಟಿದಾಗ ಆಚೆ ದಡದಲ್ಲಿ ಅಳಿಯ ಎತ್ತಿ ತೋರಿಸಿದ್ದ ಬಟ್ಟೆಯ ಗಂಟನ್ನು ಈಚೆಯಿಂದ ನೋಡಿ, ಗಂಡೋ ಹೆಣ್ಣೋ ತಿಳಿಯದೆಯೇ ಅವಳು ಮನೆಗೆ ಮರಳಿದ್ದಳು. ಈಗ ಮಗಳು ಮತ್ತೆ ಬಸುರಿ. ಆದ್ದರಿಂದ ಊಟಕ್ಕೆ ಕೂತ ಪ್ರತಿಯೊಬ್ಬ ಭಾವಿ ದೊರೆಗೂ ಬಾಳವ್ವ ಒಂದೇ ಪ್ರಶ್ನೆ ಹಾಕುತ್ತಿದ್ದಳು: ಸೇತುವೆ ಯಾವಾಗ?

ಆ ವರ್ಷ ಕಣದಲ್ಲಿ ಉಳಿದವರು ಇಬ್ಬರು. ಮೊದಲನೆಯವನು ಪ್ರಚಂಡಸೇನ. ಅವನಿಗೆ ರಾಜ್ಯಾಡಳಿತದ ಅನುಭವ ಇರಲಿಲ್ಲ, ಅದನ್ನೇ ತನ್ನ ಮುಖ್ಯ ಅರ್ಹತೆಯೆಂದು ಹೇಳಿಕೊಳ್ಳುತ್ತಿದ್ದ. ಸೇತುವೆಯ ಮಾತೆತ್ತಿದಾಗ ಅವನು ಬಾಳವ್ವನ ಕೈ ಹಿಡಿದು ಕಣ್ಣೀರಿಟ್ಟು, ಆಕೆ ತನ್ನ ತಾಯಿಯ ಹಾಗೆ ಕಾಣುತ್ತಾಳೆಂದು ಹೇಳಿ, ಎರಡನೇ ಸಲ ಸಾರು ಹಾಕಿಸಿಕೊಂಡು ಹೊರಟುಹೋದ.

ಎರಡನೆಯವರು ಹಳೆಯ ಮಂತ್ರಿ ಸಂಗನಬಸಯ್ಯ, ಮೆತ್ತಗಿನ ಮಾತಿನವರು. ಹೊಳೆ ಎಷ್ಟು ಆಳ, ಬಂಡೆ ಎಲ್ಲಿದೆ, ಮಗಳಿಗೆ ಯಾವ ತಿಂಗಳು ಎಂದೆಲ್ಲ ಕೇಳಿದರು. ಕೇಳುತ್ತಿರುವಾಗಲೇ ಬಾಳವ್ವನ ಕೈ ಜಾರಿ ಕುದಿಯುವ ಸಾರಿನ ಪಾತ್ರೆ ಅವಳ ಮೈಮೇಲೆಯೇ ವಾಲಿತು. ಸಂಗನಬಸಯ್ಯನವರು ಎದ್ದು ಬರಿಗೈಯಲ್ಲೇ ಅದನ್ನು ಹಿಡಿದರು. ಅಂಗೈ ಬೊಬ್ಬೆಯೆದ್ದಿತು. ಬಾಳವ್ವ ಬೆಣ್ಣೆ ಸವರಿ ಬಟ್ಟೆ ಸುತ್ತಿ, ನುಚ್ಚು ಉಣ್ಣಲು ತಾನೇ ಒಂದು ಚಮಚ ಕೊಟ್ಟಳು.

ಅಷ್ಟರಲ್ಲಿ ಬಾಗಿಲಿಗೆ ಬಂದ ಡಂಗುರದ ಮಲ್ಹಾರಿಗೆ ಕಂಡದ್ದು ಚಮಚ ಮಾತ್ರ.

ಸಂಜೆಯೊಳಗೆ ರಾಜ್ಯದಾದ್ಯಂತ ಬ್ರೇಕಿಂಗ್ ಡಂಗುರ ಮೊಳಗಿತು: ಬಡವಳ ಮನೆಯ ನುಚ್ಚನ್ನು ಕೈಯಲ್ಲಿ ಮುಟ್ಟಲು ಹೇಸಿದ ಮಂತ್ರಿ! ತಜ್ಞರ ಮಂಡಳಿಗಳು ಕೂತು ಚಮಚದ ಹಿಡಿಕೆಯ ಉದ್ದವನ್ನು ಚರ್ಚಿಸಿದವು. ‘ನಮ್ಮ ನುಚ್ಚಿಗೆ ಅವಮಾನವಾಗಿದೆ. ನಾನು ಅಧಿಕಾರಕ್ಕೆ ಬಂದರೆ ನುಚ್ಚಿಗೊಂದು ಪ್ರತ್ಯೇಕ ಸಚಿವಾಲಯ’ ಎಂದು ಪ್ರಚಂಡಸೇನ ಘೋಷಿಸಿದ. ಕೈ ಸುಟ್ಟಿತ್ತು ಎಂದು ಸಂಗನಬಸಯ್ಯ ಹೇಳಿದರೆ, ಬಟ್ಟೆ ಆಮೇಲೆ ಸುತ್ತಿಕೊಂಡದ್ದೆಂದು ಜನ ನಕ್ಕರು. ಹಾಗಾದರೆ ಸಾಕ್ಷಿ ಯಾರು?

ಮಲ್ಹಾರಿ ತಮಟೆ ಬಗಲಲ್ಲಿಟ್ಟುಕೊಂಡು ಖಾನಾವಳಿಗೆ ಬಂದ. ಬಾಳವ್ವ ಅಂದೇ ನಿಜ ಹೇಳಬೇಕೆಂದಿದ್ದಳು. ಆದರೆ ಹೊರಗೆ ಚಮಚದ ಜಾಗ ನೋಡಲು ಗಾಡಿ ಕಟ್ಟಿಕೊಂಡು ಬಂದ ಜನರ ಸಾಲು ಬೇವಿನ ಮರದವರೆಗೆ ನಿಂತಿತ್ತು. ಹಿಂದಿನ ದಿನವಷ್ಟೇ ಪ್ರಚಂಡಸೇನನ ಕಡೆಯವರು ಅವಳಿಗೆ ಶಾಲು ಹೊದಿಸಿ ‘ನುಚ್ಚುಮಾತೆ’ ಎಂದು ಬಿರುದು ಕೊಟ್ಟಿದ್ದರು. ಜೀವಮಾನದಲ್ಲಿ ಅವಳಿಗೆ ಯಾರೂ ಶಾಲು ಹೊದಿಸಿರಲಿಲ್ಲ.

‘ಅವ್ವಾ, ಚಮಚ ಅವರು ಕೇಳಿದರೋ, ನೀನ ಕೊಟ್ಟೆಯೋ?’ ಎಂದ ಮಲ್ಹಾರಿ.

ಬಾಳವ್ವ ಒಲೆಯ ಕಡೆ ತಿರುಗಿ ಉರಿ ಸರಿಮಾಡಿದಳು. ‘ನಾ ರೊಟ್ಟಿ ಬಡಿಯಾಕತ್ತಿದ್ದೆ ಬಿಡಪ್ಪ. ನೋಡ್ಲಿಲ್ಲ.’

ಅಷ್ಟೇ ಸಾಕಾಯಿತು.

ಮೊದಲೂರಿನಲ್ಲಿ ಮತ ಹಾಕುವುದೆಂದರೆ ಬಯಲಿನಲ್ಲಿ ತಮಗೆ ಬೇಕಾದವರ ಕೊಡೆಯ ಕೆಳಗೆ ಹೋಗಿ ನಿಲ್ಲುವುದು. ಬಾಳವ್ವ ಮನೆಯಿಂದ ಹೊರಟಾಗ ಸಂಗನಬಸಯ್ಯನವರ ಕೊಡೆಯ ಕಡೆಗೇ ಹೊರಟಿದ್ದಳು. ಆದರೆ ಪ್ರಚಂಡಸೇನನ ಕೊಡೆಯ ಕೆಳಗೆ ನುಚ್ಚುಮಾತೆಗಾಗಿ ಕುರ್ಚಿ ಹಾಕಿದ್ದರು. ಇಡೀ ಊರು ನೋಡುತ್ತಿತ್ತು. ಅವಳು ಹೋಗಿ ಕೂತಳು. ಅವಳ ಹಿಂದೆ ಊರೂ ಬಂತು. ಅತ್ತ ಸಂಗನಬಸಯ್ಯನವರ ಕೊಡೆಯ ಕೆಳಗೆ ಅವರ ಜೊತೆ ನಿಂತದ್ದು ನೆರಳು ಹುಡುಕಿ ಬಂದ ಇಬ್ಬರು ಮುದುಕರು.

ರಾತ್ರಿಯೆಲ್ಲ ಬಾಳವ್ವನಿಗೆ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ಶಾಲನ್ನು ಪೆಟ್ಟಿಗೆಗೆ ತುರುಕಿ, ಮಲ್ಹಾರಿಯನ್ನು ಹುಡುಕಿಕೊಂಡು ಹೋದಳು. ಚಮಚ ತಾನೇ ಕೊಟ್ಟದ್ದೆಂದು, ಆ ಮನುಷ್ಯ ತನ್ನ ಕೈಕಾಲು ಸುಡುವುದನ್ನು ತಪ್ಪಿಸಿದನೆಂದು ಒಂದೇ ಉಸಿರಿಗೆ ಹೇಳಿದಳು. ಅವನು ಮರ್ಯಾದೆಯಿಂದಲೇ ಕೇಳಿಸಿಕೊಂಡ.

‘ಖರೇ ಇರಬಹುದವ್ವಾ. ಆದರ ಅದು ನಿನ್ನೀ ಡಂಗುರ. ಇವತ್ತ ಕಿರೀಟದ ಅಳತಿ ನಡದೈತಿ.’

ಅವಳು ಸಂಗನಬಸಯ್ಯನವರನ್ನಾದರೂ ಕಂಡು ಕೈಮುಗಿಯೋಣವೆಂದು ಪಕ್ಷದ ವೇದಿಕೆಯ ಬಳಿ ಬಂದಳು. ಬಂದು ನೋಡಿದರೆ, ಅವರು ಆ ಬಟ್ಟೆ ಸುತ್ತಿದ ಕೈಯಿಂದಲೇ ಪ್ರಚಂಡಸೇನನ ಕೈಯನ್ನು ಮೇಲೆತ್ತಿ ಹಿಡಿದಿದ್ದರು. ಹಿಂದಿನ ದಿನದವರೆಗೆ ಅವರ ಮಾತಿನಲ್ಲಿ ರಾಜ್ಯಕ್ಕೆ ಗಂಡಾಂತರವಾಗಿದ್ದ ಆ ಮಹಾಪುರುಷನು ಪಕ್ಷದ ಒಗ್ಗಟ್ಟಿನ ಹಿತದೃಷ್ಟಿಯಿಂದ ರಾತ್ರೋರಾತ್ರಿ ಕತ್ತಲಿಗೆ ದೀವಟಿಗೆಯಾಗಿದ್ದನು. ಸುಟ್ಟ ಕೈಯ ನೋವಿಗೆ ಸಂಗನಬಸಯ್ಯನವರ ಮುಖ ಕಿವಿಚಿತ್ತು. ಕೆಳಗಿದ್ದ ಜನ ಅದನ್ನು ಆನಂದವೆಂದು ತಿಳಿದು ಚಪ್ಪಾಳೆ ತಟ್ಟಿದರು. ಬಾಳವ್ವ ಹತ್ತಿರ ಹೋಗದೆ ಮರಳಿದಳು.

ಉಳಿದ ಪ್ರಾಂತ್ಯಗಳು ಮೊದಲೂರಿನ ತೀರ್ಪಿಗೆ ತಲೆಬಾಗಿದವು. ಪ್ರಚಂಡಸೇನನಿಗೆ ಪಟ್ಟವಾಯಿತು. ಸಂಗನಬಸಯ್ಯನವರಿಗೆ ಹೊಳೆ ಮತ್ತು ದಾರಿಗಳ ಖಾತೆ ಸಿಕ್ಕಿತು. ಸೇತುವೆಗೆ ಬೊಕ್ಕಸದಲ್ಲಿ ಏನಾದರೂ ಉಳಿದಿದೆಯೇ ಎಂದು ಅವರು ಸಭೆಯಲ್ಲಿ ಅಂಜುತ್ತಾ ಕೇಳಿದಾಗ, ಪಟ್ಟಾಭಿಷೇಕಕ್ಕೇ ಎಲ್ಲವೂ ಖರ್ಚಾಯಿತೆಂದು ತಿಳಿದುಬಂತು. ಮಹಾರಾಜರು ಕ್ಷಣಕಾಲ ಕಣ್ಣುಮುಚ್ಚಿ ಚಿಂತಿಸಿ, ಸೇತುವೆ ಬೇಕಾದದ್ದು ಹೊಳೆಯಿರುವುದರಿಂದಲ್ಲವೇ ಎಂದು ಕೇಳಿದರು. ಸಭೆ ಬೆರಗಾಯಿತು. ಎಂಥ ದೂರದೃಷ್ಟಿ ಎಂದಿತು. ಮರುದಿನವೇ ರಾಜಪತ್ರ ಹೊರಬಿತ್ತು: ಮೊದಲೂರಿನ ಹೊಳೆಯನ್ನು ಇಂದಿನಿಂದ ರಾಜಮಾರ್ಗವೆಂದು ಮೇಲ್ದರ್ಜೆಗೇರಿಸಲಾಗಿದೆ. ಕೆಳಗೆ ಸಂಗನಬಸಯ್ಯನವರ ರುಜು ಇತ್ತು.

ರಸ್ತೆಯೆಂದ ಮೇಲೆ ಸುಂಕ ಬಂತು. ರಸ್ತೆಯ ಮೇಲೆ ನಾವೆ ನಡೆಸುವುದು ಅಪರಾಧವಾದ್ದರಿಂದ ಇದ್ದ ಒಂದೇ ನಾವೆಯನ್ನು ಜಪ್ತಿ ಮಾಡಿದರು.

ಶಾವಂತ್ರಿಗೆ ನೋವು ಕಾಣಿಸಿಕೊಂಡಿದೆಯೆಂದು ಆಚೆ ದಡದಿಂದ ಅಳಿಯ ಕೂಗಿದಾಗ ಮಳೆ ಇನ್ನೂ ಜೋರಾಗಿರಲಿಲ್ಲ. ಬಾಳವ್ವ ಬಾಣಂತಿಯ ಖಾರದ ಗಂಟನ್ನು ತಲೆಯ ಮೇಲಿಟ್ಟುಕೊಂಡು, ಸುಂಕ ಕಟ್ಟಿ, ರಾಜಮಾರ್ಗಕ್ಕೆ ಇಳಿದಳು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ನಡುಹೊಳೆಯಲ್ಲಿ ಗದ್ದಕ್ಕೆ ಬಂತು. ಕಾಲಡಿಯ ಮರಳು ಜಾರುತ್ತಿತ್ತು. ಆಚೆ ದಡದಲ್ಲಿ ಯಾರೋ ದೀಪ ಹಿಡಿದು ನಿಂತಂತೆ ಕಂಡಿತು.

ದಂಡೆಯ ಅಟ್ಟಣಿಗೆಯ ಮೇಲೆ ಕೊಡೆ ಹಿಡಿದು ಕೂತಿದ್ದ ಸುಂಕದವನು ಎದ್ದು ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ:

‘ಎಡಕ್ಕ ನಡೀಬೇ ಯವ್ವಾ, ಎಡಕ್ಕ. ಎದುರಿಂದ ಬರೋರಿಗೆ ದಾರಿ ಬಿಡು.’