ಜೈಪುರಕ್ಕೆ ಸೊಪ್ಪು ಹಾಕದ ನಮ್ಮ ಮಾವ

ಜೈಪುರದ ಮಹಾರಾಜರು ಊರಿಗೆಲ್ಲ ಗುಲಾಬಿ ಬಣ್ಣ ಹಚ್ಚುವ ಮೊದಲು ತಿಕೋಟಾದ ನಮ್ಮ ಸೋದರಮಾವನನ್ನು ಒಂದು ಮಾತು ಕೇಳಬೇಕಿತ್ತು. ಕೇಳಿದ್ದರೆ ಬಣ್ಣವೂ ಉಳಿಯುತ್ತಿತ್ತು, ನಮ್ಮ ಪ್ರಯಾಣವೂ ಉಳಿಯುತ್ತಿತ್ತು!

ಹೋಗಬೇಕೆಂದು ಹಟ ಹಿಡಿದವಳು ಮಾವನ ಹೆಂಡತಿ, ನಮ್ಮ ಅತ್ತಿ. ವಿಜಾಪುರದ ಸ್ಟೇಷನ್ ರಸ್ತೆಯ ಅರಿವೆ ಅಂಗಡಿಯಲ್ಲಿ ಜೈಪುರದ ಕಿಟಕಿಗಳ ಅರಮನೆಯ ಚಿತ್ರ ಕಂಡಂದಿನಿಂದ ಅವಳಿಗೆ ಅದೇ ಧ್ಯಾನ. ಎಲ್ಲ ತಯಾರಿ ಆದ ಮೇಲೆ ಕಣದಲ್ಲಿ ಜಾರಿ ಕಾಲು ಮುರಿದುಕೊಂಡಳು. "ಹಂಗಾದ್ರ ನಾನೂ ಒಲ್ಲೆ" ಎಂದ ಮಾವನಿಗೆ ಹಾಸಿಗೆಯಿಂದಲೇ ಅಪ್ಪಣೆಯಾಯಿತು: "ನೀವರ ಹೋಗ್ರಿ. ಬಂದು ನನಗ ಹೇಳ್ರಿ."

ಅವಳ ಜಾಗಕ್ಕೆ ನಾನು. ಮರಳುಗಾಡಿನಲ್ಲಿ ನೀರು ಸಿಗದಿದ್ದರೆ? ಒಂಟೆ ಕಚ್ಚಿದರೆ? ಒಂಟೆಗೆ ಉಪಾಯ ಹೊಳೆಯಲಿಲ್ಲ. ನೀರಿಗೆಂದು ಎರಡು ತತ್ರಾಣಿ ಹೊತ್ತುಕೊಂಡೆ.

ಜೈಪುರದಲ್ಲಿ ಇಳಿದ ಕೂಡಲೇ ಮಾವ ಸೂರ್ಯನಿಗೆ ಛೀಮಾರಿ ಹಾಕಿದ. "ಇದಕ್ಕ ಬಿಸಲಂತಾರ? ಒಮ್ಮೆ ನಮ್ಮ ಬಬಲೇಶ್ವರ ದಾರಿಗೆ ಬಂದು ನಿಂದರಲಿ." ಪೇಟೆಯ ಗುಲಾಬಿ ಗೋಡೆಗಳನ್ನು ನೋಡಿ, "ಮದುವಿ ಮನಿ ಮಾಡಿಟ್ಟಾರ. ಲಗ್ನ ಯಾರದೂ ಇಲ್ಲ" ಅಂದ.

ಕಿಟಕಿಗಳ ಅರಮನೆಯ ಮುಂದೆ ಗೈಡು ಎದೆ ಉಬ್ಬಿಸಿ ನಿಂತ. ಮಾವ ಹಿಂದಕ್ಕೆ ಹೋಗಿ ಸುತ್ತಿ ಬಂದ. "ಲೇ ಅಳಿಯಾ, ಮುಂದ ಬರೇ ಗ್ವಾಡಿ, ಹಿಂದ ಮನೀನ ಇಲ್ಲ. ನಮ್ಮ ವಿಜಾಪುರದ ಬಾರಾ ಕಮಾನನೂ ಅರ್ಧಕ್ಕ ನಿಂತೈತಿ, ಖರೆ. ಆದ್ರ ಅದು ಮುಗದೈತಿ ಅಂತ ನಾವು ಯಾರ ಮುಂದೂ ಹೇಳಿಲ್ಲ."

ಏನಂದರು ಎಂದು ಗೈಡು ಕೇಳಿದ. ಜಗಳವಾದೀತೆಂದು ಹೆದರಿ, 'ಬಹುತ್ ಸುಂದರ್ ಅಂದರು' ಎಂದೆ. ಅವನು ಖುಷಿಯಾಗಿ ಇನ್ನೂ ಎರಡು ಅರಮನೆ ತೋರಿಸಿದ. ನನ್ನ ಸುಳ್ಳಿಗೆ ನನ್ನ ಕಾಲುಗಳೇ ದಂಡ ತೆತ್ತವು.

ತಿಕೋಟಾಕ್ಕೆ ಬಂದಾಗ ಅತ್ತಿ ಕಾಲನ್ನು ಕೌದಿಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. "ಹೆಂಗಿತ್ರಿ?"

"ಏನೈತಿ ಬೇ ಅಲ್ಲಿ? ಬರೇ ಉಸುಕು. ನೀ ಬರಲಿಲ್ಲ, ಛಲೋ ಆತು."

ಅತ್ತಿ ಅವನ ಮಾರಿಯನ್ನೇ ನೋಡಿದಳು. "ಮುರಿದದ್ದು ನನ್ನ ಕಾಲ್ರಿ, ಕಿವಿ ಅಲ್ಲ. ನೋಡಿದ್ದ ಹೇಳ್ರಿ."

ಮಾವ ತಲೆಯ ಪಟಗ ತೆಗೆದು ಬದಿಗಿಟ್ಟ. ಗಂಟಲು ಸರಿಮಾಡಿಕೊಂಡ. "ಮುಂಜಾನಿ ಬಿಸಲು ಬಿದ್ದಾಗ ಆ ಗ್ವಾಡಿ ಎಳೀ ಕೆಂಡದಂಗ ಆಗತೈತಿ," ಎಂದು ಶುರುಮಾಡಿ, ಕಿಟಕಿಯ ಜಾಲರಿಯನ್ನು ಅವಳ ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಿದ. "ಈ ತೂತಿನ್ಯಾಗಿಂದ ರಾಣೇರು ಪ್ಯಾಟಿ ನೋಡತಿದ್ರಂತ."

"ನನಗ ನಿಲುಕತಿತ್ತೇನ್ರಿ?"

"ನಿಲುಕತಿತ್ತು. ನಿನ್ನ ಎತ್ತರಕ್ಕ ಬಗ್ಗೇ ನೋಡೀನಿ."