ದೋಸೆ ಕಾವಲಿಯ ಮೇಲೆ ಸರ್ಕಿಟ್ ಬೋರ್ಡ್ ಕಾಯಿಸುವುದನ್ನು ನಿಷೇಧಿಸುವ ಕುರಿತು

ವಲಯ ಎಚ್ಚರಿಕೆ ಉಪಕರಣಗಳ ಇಲಾಖೆ
ಮೂಡಿಗೆರೆ ಶಿಬಿರ
ಸಂಖ್ಯೆ: ವಎಉ/ಬೋರ್ಡ್/ಬಿಸಿ/೧೭/೨೦೨೫-೨೬

ವಿಷಯ: ಆನೆ ಸೈರನ್ನಿನ ಸರ್ಕಿಟ್ ಬೋರ್ಡನ್ನು ಅತಿಯಾದ ಶಾಖಕ್ಕೆ ಒಡ್ಡಿರುವ ಬಗ್ಗೆ.
ಉಲ್ಲೇಖ: ೧) ಉಪನಿರ್ದೇಶಕರ ಮೌಖಿಕ ಸಿಟ್ಟು. ೨) ಸದರಿ ಸಿಟ್ಟಿನ ಜ್ಞಾಪನ.

ಪ್ರಸ್ತಾವನೆ:

ಕಚೇರಿಯ ಅಡುಗೆ ಸಹಾಯಕಿ ಪಾಪಮ್ಮ ಅವರು ಸೋಮವಾರ ಬೆಳಿಗ್ಗೆ ದೋಸೆ ಕಾವಲಿ ಉಜ್ಜುತ್ತಿದ್ದುದು, ಉಜ್ಜಿದಷ್ಟೂ ಹಸಿರು ಬಣ್ಣ ಬಿಡುತ್ತಿದ್ದುದು ಕಂಡುಬಂದಿರುತ್ತದೆ. ಅಂದು ಯಾರೂ ಕಾರಣ ಕೇಳಿರುವುದಿಲ್ಲ.

ನಂತರ ತಿಳಿದುಬಂದಂತೆ, ಗೋಣಿಬೀಡು ರಸ್ತೆಯ ತಿರುವಿನಲ್ಲಿ ಆನೆ ಬಂದರೆ ಕೂಗಿ ಎಚ್ಚರಿಸುವ ಸೈರನ್ ಮಳೆಯ ತೇವಕ್ಕೆ ಮೂಕವಾಗಿದ್ದು, ಮೆಕ್ಯಾನಿಕ್ ಉಮೇಶ್ ಅದರ ಬೋರ್ಡನ್ನು ಕಳಚಿ ಕಚೇರಿಗೆ ತಂದಿದ್ದರು. ಪಾಪಮ್ಮ ಅವರ ಮಗಳು ನಿಖಿತಾ ನಸುಕಿನಲ್ಲೇ ಆ ತಿರುವು ದಾಟಿ ತೋಟದ ಕೆಲಸಕ್ಕೆ ಹೋಗುವುದರಿಂದ ತಾಯಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲವೆಂದು ವರದಿಯಾಗಿದೆ. “ಕೊಡು ಇಲ್ಲಿ ಮಾರಾಯ, ಮಳೇಲಿ ನೆಂದ ಕಂಬಳಿನೇ ಒಲೆ ಹತ್ರ ಒಣಗ್ತದೆ, ಇದೊಂದು ಒಣಗದಿಲ್ವಾ?” ಎಂದು ಅವರು ಕೇಳಿದ್ದು, “ಸೀಯಿಸ್ಬೇಡಿ ಪಾಪಮ್ಮಕ್ಕ, ಬೈಸ್ಕೊಳ್ಳೋನು ನಾನು” ಎಂಬ ಷರತ್ತಿನ ಮೇಲೆ ಉಮೇಶ್ ಬೋರ್ಡನ್ನು ಹಸ್ತಾಂತರಿಸಿರುತ್ತಾರೆ.

ಹೀಗೆ ದೋಸೆ ಕಾವಲಿಯ ಮೇಲೆ ಕಾಯಿಸಿದ ಬೋರ್ಡನ್ನು ಕಂಬಕ್ಕೆ ಮರಳಿ ಜೋಡಿಸಲಾಗಿ ಸೈರನ್ ಕೂಗಿದ್ದು, ಒಂಟಿಸಲಗವೊಂದು ರಸ್ತೆಗಿಳಿಯುವ ಮುನ್ನವೇ ಜನ ದೂರ ಸರಿದದ್ದು ನಿಜವಿರುತ್ತದೆ. ಆದರೆ ಮರುದಿನ ತಪಾಸಣೆಗೆಂದು ಉಪನಿರ್ದೇಶಕರು ಜೀಪಿನಿಂದ ಇಳಿದಾಗಲೂ ಅದೇ ಸೈರನ್ ಅಷ್ಟೇ ಜೋರಾಗಿ ಕೂಗಿರುತ್ತದೆ. “ಓಡ್ರೋ, ದೊಡ್ಡದೇ ಬಂದದೆ!” ಎಂದು ಕಾರ್ಮಿಕರು ಕಾಫಿ ಗಿಡಗಳೊಳಗೆ ನುಗ್ಗಿದ್ದರಿಂದ ಇಲಾಖೆಯ ಘನತೆಗೆ ಧಕ್ಕೆಯಾಗಿದೆ. ಶಾಖದಿಂದ ಬೋರ್ಡಿನ ವಿವೇಚನೆ ಕೆಟ್ಟಿದೆಯೆಂದು ತೀರ್ಮಾನಿಸಿ, ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಲಾಗಿದೆ. ಕಂಬ ಮಾತ್ರ ಸ್ವಸ್ಥಾನದಲ್ಲಿರುತ್ತದೆ.

ಆದ್ದರಿಂದ ಸಮಸ್ತ ಸಿಬ್ಬಂದಿಗೆ ಕೆಳಕಂಡಂತೆ ಆದೇಶಿಸಲಾಗಿದೆ:

೧. ಯಾವುದೇ ಸರ್ಕಿಟ್ ಬೋರ್ಡನ್ನು ಕಾವಲಿ, ಬಚ್ಚಲೊಲೆ, ಇಸ್ತ್ರಿಪೆಟ್ಟಿಗೆ, ಕಾಫಿ ಡ್ರೈಯರ್ ಅಥವಾ ಕೋಪಗೊಂಡ ಅಧಿಕಾರಿಯ ಸಮೀಪ ಇಡತಕ್ಕದ್ದಲ್ಲ.

೨. ಒದ್ದೆ ಬೋರ್ಡನ್ನು ಬಿಸಿಲಿನಲ್ಲಿ ಒಣಗಿಸಲು ಅಡ್ಡಿಯಿಲ್ಲ. ಬಿಸಿಲು ಬೇಕಾದವರು ಲಿಖಿತ ಬೇಡಿಕೆ ಸಲ್ಲಿಸತಕ್ಕದ್ದು. ಮಳೆಗಾಲದಲ್ಲಿ ಇಂತಹ ಬೇಡಿಕೆಗಳನ್ನು ಸ್ವೀಕರಿಸುವುದಿಲ್ಲ.

೩. ಕಾವಲಿಗೆ ನೀರು ಚಿಮುಕಿಸಿ ‘ಚುಂಯ್’ ಎಂದದ್ದನ್ನು ತಾಪಮಾನವೆಂದು ಕಡತದಲ್ಲಿ ನಮೂದಿಸುವಂತಿಲ್ಲ.

೪. ಈಗಾಗಲೇ ಕಾವಲಿಯ ಮೇಲಿರುವ ಬೋರ್ಡುಗಳನ್ನು ಒಂದೇ ಮಗ್ಗುಲಿಗೆ ಕಾಯಿಸಿ ಇಳಿಸತಕ್ಕದ್ದು. ಮಗುಚಿ ಹಾಕಲು ಜಿಲ್ಲಾ ಕಚೇರಿಯ ಪೂರ್ವಾನುಮತಿ ಕಡ್ಡಾಯ. ಎಣ್ಣೆ ಸವರಿದ ಬೋರ್ಡನ್ನು ಖಾದ್ಯವೆಂದು ಪರಿಗಣಿಸಿ ಬೇರೆ ಇಲಾಖೆಗೆ ವರ್ಗಾಯಿಸಲಾಗುವುದು.

೫. ಬೋರ್ಡ್ ಕಾದ ವಾಸನೆಗೆ ಅಡುಗೆಮನೆಗೆ ಬಂದು “ಇವತ್ತೆಂತ ತಿಂಡಿ?” ಎಂದು ವಿಚಾರಿಸಿದ ಸಿಬ್ಬಂದಿಯನ್ನು ಕೃತ್ಯದಲ್ಲಿ ಭಾಗಿಯೆಂದು ಭಾವಿಸಲಾಗುವುದು.

೬. ಮುಂದೆ ಬರುವ ಹೊಸ ಬೋರ್ಡು ಆನೆ ಹಾಗೂ ಉಪನಿರ್ದೇಶಕರ ನಡುವಿನ ವ್ಯತ್ಯಾಸವನ್ನು ಗುರುತಿಸುವುದೇ ಎಂದು ಪರೀಕ್ಷಿಸತಕ್ಕದ್ದು. ಪರೀಕ್ಷೆಗೆ ಉಪನಿರ್ದೇಶಕರು ಲಭ್ಯರಿರುವುದಿಲ್ಲ. ಆನೆಯನ್ನು ಸ್ಥಳೀಯವಾಗಿ ಹೊಂದಿಸಿಕೊಳ್ಳುವುದು.

೭. ಅಲ್ಲಿಯವರೆಗೆ ಆ ತಿರುವಿನಲ್ಲಿ ನಡೆಯುವವರು ತಾವೇ ಸೈರನ್ನಿನಂತೆ ಕೂಗಿಕೊಳ್ಳತಕ್ಕದ್ದು. ಇಲಾಖೆಯ ಜೀಪ್ ಕಂಡಾಗ ಕೂಗುವಂತಿಲ್ಲ. ಆನೆಗೆ ಸಿಕ್ಕಿದವರು ನಂತರ ಖುದ್ದಾಗಿ ಹಾಜರಾಗಿ ವರದಿ ನೀಡತಕ್ಕದ್ದು. ಅವರ ಪರವಾಗಿ ಬಂದವರನ್ನು ಪರಿಗಣಿಸುವುದಿಲ್ಲ.

ಸಹಿ/-
ಚನ್ನಕೇಶವ
ಉಪನಿರ್ದೇಶಕರು (ಸೈರನ್ ಮತ್ತು ಮೌನ)

ಪ್ರತಿಗಳು:
೧. ಮೆಕ್ಯಾನಿಕ್ ಉಮೇಶ್ ಅವರಿಗೆ, ಓದಿ ಬೆವರಲು.
೨. ಕಪಾಟಿನ ಬಾಗಿಲಿಗೆ, ಅಂಟಿಸಲು.
೩. ತಿರುವಿನ ಕಂಬಕ್ಕೆ, ಮಳೆ ನಿಂತ ಮೇಲೆ.
೪. ಪಾಪಮ್ಮ ಅವರಿಗೆ, ಅವರ ಮನವಿಯನ್ನು ಯಾವುದೇ ಷರಾ ಇಲ್ಲದೆ ಹಿಂದಿರುಗಿಸುತ್ತಾ. ಮನವಿಯ ಪೂರ್ಣಪಾಠ: “ಸಾರ್, ಅದು ಯಾರಿಗೆ ಕೂಗಿದ್ರೂ ಕೂಗ್ಲಿ, ಬೋರ್ಡ್ ಕಂಬಕ್ಕೆ ಹಾಕ್ಸಿ ಕೊಡಿ. ನಿಖಿತಾ ನಾಳೆನೂ ಅದೇ ದಾರೀಲಿ ಹೋಗ್ಬೇಕು.”